ಅಧಿಕಾರಕ್ಕೆ ಗಡುವು, ಸೇವೆಗೆ ಗಡುವಿಲ್ಲ

ಸಭೆಯ ಪಾಠ

ಓದತಕ್ಕ ವೇದಭಾಗಗಳು: ಅರಣ್ಯಕಾಂಡ 8:23–26; 27:15–23. 1 ಸಮುವೇಲ 8:1–5, 12:1–5, 23. ಲೂಕ 22:24–27.



ಈ ತಿಂಗಳ ಪಾಠಕ್ಕೆ ನಾವು ಆರಿಸಿಕೊಂಡ ವಿಷಯವು ಕೆಲವರಿಗೆ ಹೊಸದಾಗಿ ತೋರಬಹುದು. ಜನರಿಂದ ಆರಿಸಲ್ಪಟ್ಟವನು ಆ ಪೀಠದಲ್ಲಿ ಎಷ್ಟು ಕಾಲ ಕೂತಿರಬೇಕು? ಒಬ್ಬನೇ ಮನುಷ್ಯನು ಎಷ್ಟು ಸಾರಿ ಶಾಸನಸಭೆಗೆ ಹೋಗಬಹುದು? ಇಷ್ಟು ಸಾರಿ ಸಾಕೆಂದು ಕಾಯಿದೆಯೇ ಗಡುವು ಹಾಕತಕ್ಕದ್ದೋ, ಇಲ್ಲವೆ ಅದನ್ನು ಜನರ ಇಷ್ಟಕ್ಕೆ ಬಿಡತಕ್ಕದ್ದೋ? ಇದು ರಾಜಕೀಯದವರ ಮಾತು, ಪ್ರಾರ್ಥನೆಗೆ ಕೂಡಿಬರುವ ನಮಗೆ ಇದರಿಂದ ಆಗಬೇಕಾದದ್ದೇನು ಎಂದು ಯಾರಾದರೂ ಅಂದಾರು. ಆದರೆ ನಮ್ಮನ್ನು ಆಳುವವರಿಗೋಸ್ಕರ ಪ್ರಾರ್ಥಿಸಬೇಕೆಂದು ಅಪೊಸ್ತಲನಾದ ಪೌಲನು ತಿಮೊಥೆಯನಿಗೆ ಬರೆದನು. ನಾವಿರುವ ಪಟ್ಟಣದ ಕ್ಷೇಮವನ್ನು ಹುಡುಕಬೇಕೆಂದು ಪ್ರವಾದಿಯಾದ ಯೆರೆಮೀಯನು ಸೆರೆಹೋದವರಿಗೆ ಹೇಳಿಕಳುಹಿಸಿದನು. ಯಾವದಕ್ಕೋಸ್ಕರ ಪ್ರಾರ್ಥಿಸುತ್ತೇವೋ ಅದನ್ನು ತಿಳಿದುಕೊಳ್ಳುವದು ನಮ್ಮ ಕರ್ತವ್ಯವೇ.

ಯಲಹಂಕದಿಂದ ದೊಡ್ಡಬಳ್ಳಾಪುರದ ದಾರಿ ಹಿಡಿದರೆ ಸಿಕ್ಕುವ ರಾಜಾನುಕುಂಟೆಯನ್ನು ನೋಡಿರಿ. ಒಂದು ಕಾಲದಲ್ಲಿ ರಾಗಿ ಬೆಳೆದ ಈ ಸೀಮೆಯ ಹೊಲಗಳಲ್ಲಿ ಈಗ ನಿವೇಶನಗಳ ಗಡಿಕಲ್ಲುಗಳು ನಿಂತಿವೆ; ಬೆಂಗಳೂರು ಪಟ್ಟಣವು ಹಳ್ಳಿಯ ಬಾಗಲಿಗೆ ಬಂದು ಮುಟ್ಟಿದೆ. ಇಂಥ ಕಾಲದಲ್ಲಿ ಮನೆಯ ಖಾತೆಗೆ ಬೀಳುವ ರುಜು, ಕೊಳವೆಬಾವಿಯ ನೀರು ಯಾವ ಬೀದಿಗೆ ಮೊದಲು ಹರಿಯಬೇಕೆಂಬ ತೀರ್ಮಾನ, ನಮ್ಮವರನ್ನು ಸಮಾಧಿಮಾಡುವದಕ್ಕೆ ಬೇಕಾದ ನೆಲ, ಇವುಗಳೆಲ್ಲಾ ಹೆಚ್ಚಾಗಿ ಆರಿಸಲ್ಪಟ್ಟವರ ಮಾತಿನ ಮೇಲೆಯೇ ನಿಂತಿವೆ. ಬಡವನಾದ ವಿಶ್ವಾಸಿಗೆ ಇವು ಸಣ್ಣ ಸಂಗತಿಗಳಲ್ಲ.

ಊರಿನ ಹೆಸರಿನಲ್ಲಿರುವ ಕುಂಟೆ ಎಂಬ ಮಾತಿಗೆ ನೀರು ನಿಲ್ಲುವ ಸಣ್ಣ ಹೊಂಡವೆಂದು ಅರ್ಥ. ನೀರು ಬರುವ ಕಾಲುವೆಯೂ ಹೆಚ್ಚಾದದ್ದು ಹೊರಡುವ ಕೋಡಿಯೂ ಇದ್ದರೆ ಏರಿ ಉಳಿಯುತ್ತದೆ. ಕೋಡಿ ಮುಚ್ಚಿಹೋದರೆ ಒಂದು ದೊಡ್ಡ ಮಳೆಗೆ ಏರಿಯೇ ಒಡೆಯುತ್ತದೆ. ಇದನ್ನು ರೈತರಾದ ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. ಅಧಿಕಾರಕ್ಕೂ ಒಂದು ಕೋಡಿ ಬೇಕೋ ಎಂಬದೇ ಈಗ ನಮ್ಮ ಮುಂದಿರುವ ಪ್ರಶ್ನೆ.

1. ನಮ್ಮ ದೇಶದ ಕಾಯಿದೆ ಹೇಗಿದೆ?

ನಮ್ಮ ದೇಶದ ಸಂವಿಧಾನವು 1950ನೆಯ ಇಸವಿ ಜನವರಿ 26ರಿಂದ ಪೂರ್ತಿಯಾಗಿ ಜಾರಿಗೆ ಬಂತು. ಅದರ ಪ್ರಕಾರ ವಿಧಾನಸಭೆಯ ಅವಧಿ 5 ವರ್ಷ. ವಿಧಾನ ಪರಿಷತ್ತಿನ ಸದಸ್ಯನ ಅವಧಿ 6 ವರ್ಷ. ಅಲ್ಲಿ ಎರಡು ವರ್ಷಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ಸದಸ್ಯರು ನಿವೃತ್ತರಾಗುತ್ತಾರೆ. ವಿಧಾನಸಭೆಗೆ ನಿಲ್ಲುವವನಿಗೆ 25 ವರ್ಷವೂ ಪರಿಷತ್ತಿಗೆ ನಿಲ್ಲುವವನಿಗೆ 30 ವರ್ಷವೂ ತುಂಬಿರಬೇಕು. ಹೀಗೆ ಒಳಗೆ ಬರುವದಕ್ಕೆ ವಯಸ್ಸು ಉಂಟು, ಒಂದು ಸಾರಿಗೆ ಇಷ್ಟು ವರ್ಷವೆಂಬ ಲೆಕ್ಕವೂ ಉಂಟು. ಆದರೆ ಎಷ್ಟು ಸಾರಿ ಎಂಬದಕ್ಕೆ ಮಾತ್ರ ಮೇರೆಯಿಲ್ಲ. ಜನರು ಆರಿಸುವ ತನಕ ಅದೇ ಮನುಷ್ಯನು ತಿರಿಗಿ ತಿರಿಗಿ ಹೋಗಬಹುದು.

ನಮ್ಮ ಕರ್ನಾಟಕದಲ್ಲಿ ಹಾಗೆ ಹೋದವರುಂಟು. ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ 2008ರ ವರೆಗೆ ಎಡೆಬಿಡದೆ 9 ಸಾರಿ ವಿಧಾನಸಭೆಗೆ ಆರಿಸಲ್ಪಟ್ಟರು. ಬಸವರಾಜ ಹೊರಟ್ಟಿಯವರು 1980ರಲ್ಲಿ ವಿಧಾನ ಪರಿಷತ್ತಿಗೆ ಮೊದಲು ಆರಿಸಲ್ಪಟ್ಟು 2022ರಲ್ಲಿ 8ನೆಯ ಸಾರಿ ಗೆದ್ದರು. ಕೆ. ಎಚ್. ಮುನಿಯಪ್ಪನವರು ಕೋಲಾರದಿಂದ 1991 ಮೊದಲುಗೊಂಡು 2014ರ ವರೆಗೆ 7 ಸಾರಿ ಲೋಕಸಭೆಗೆ ಹೋದರು. 2019ರಲ್ಲಿ ಸೋತು, 2023ರಲ್ಲಿ ರಾಜಾನುಕುಂಟೆಗೆ ದೂರವಲ್ಲದ ದೇವನಹಳ್ಳಿಯಿಂದ ವಿಧಾನಸಭೆಗೆ ಬಂದರು. ಯಲಹಂಕ ಕ್ಷೇತ್ರದಿಂದ ಎಸ್. ಆರ್. ವಿಶ್ವನಾಥರು 2008, 2013, 2018, 2023 ಹೀಗೆ 4 ಸಾರಿ ಆರಿಸಲ್ಪಟ್ಟರು. ಇವರ ಪಕ್ಷಗಳು ಬೇರೆ ಬೇರೆ. ಇವರ ಹೆಸರುಗಳನ್ನು ಹೇಳಿದ್ದು ದೂರುವದಕ್ಕಲ್ಲ, ಹೊಗಳುವದಕ್ಕೂ ಅಲ್ಲ. ಜನರು ಮತಕೊಟ್ಟು ಕಳುಹಿಸಿದವರು ಇವರು. ಕಾಯಿದೆಯು ಬಾಗಲನ್ನು ಎಷ್ಟು ಅಗಲವಾಗಿ ತೆರೆದಿದೆ ಎಂಬದು ನಿಮಗೆ ತಿಳಿಯಲೆಂದು ಹೇಳಿದೆವು.

ಗ್ರಾಮ ಪಂಚಾಯತಿಯಲ್ಲಾದರೋ ಬೇರೊಂದು ರೀತಿಯನ್ನು ಕಾಣುತ್ತೇವೆ. 1993ನೆಯ ಇಸವಿ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಪಂಚಾಯತಿಗೂ 5 ವರ್ಷದ ಅವಧಿಯನ್ನು ಗೊತ್ತುಮಾಡಿತು. ಸದಸ್ಯನು ಎಷ್ಟು ಸಾರಿಯಾದರೂ ನಿಲ್ಲಬಹುದಾದರೂ ಮೀಸಲು ಸ್ಥಾನಗಳು ಸರದಿಯ ಮೇಲೆ ಸುತ್ತುತ್ತವೆ. ಅಧ್ಯಕ್ಷಸ್ಥಾನವೂ ಹಾಗೆಯೇ ಸುತ್ತುತ್ತದೆ. 2020ರ ಡಿಸೆಂಬರಿನಲ್ಲಿ ಆರಿಸಲ್ಪಟ್ಟ ಪಂಚಾಯತಿಗಳಲ್ಲಿ ಅಧ್ಯಕ್ಷ ಉಪಾಧ್ಯಕ್ಷರ ಅವಧಿ 30 ತಿಂಗಳು ಮಾತ್ರವೇ ಆಗಿತ್ತು; 2023ರ ನಡುವಿನಲ್ಲಿ ಎರಡನೆಯವರು ಆ ಕುರ್ಚಿಗೆ ಬಂದರು. ಇದಕ್ಕೆ ಗಡುವೆಂಬ ಹೆಸರಿಲ್ಲದಿದ್ದರೂ ಅದರ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡುತ್ತದೆ. ಹಿಂದೆ ಚಾವಡಿಯ ಹೊರಗೆ ನಿಂತು ಮಾತಾಡಬೇಕಾಗಿದ್ದ ಕೇರಿಗಳವರೂ ಹೆಣ್ಣುಮಕ್ಕಳೂ ಒಳಗೆ ಬಂದು ಅಧ್ಯಕ್ಷರ ಕುರ್ಚಿಯಲ್ಲಿ ಕೂತದ್ದು ಈ ಸರದಿಯ ದೆಸೆಯಿಂದಲೇ. 1950ರ ಆಜ್ಞೆಯ ಪ್ರಕಾರ ಕ್ರೈಸ್ತರಾದವರು ಪರಿಶಿಷ್ಟ ಜಾತಿಯ ಮೀಸಲು ಸ್ಥಾನಕ್ಕೆ ನಿಲ್ಲುವ ಹಾಗಿಲ್ಲವೆಂಬದು ನಿಮಗೆ ತಿಳಿದದ್ದೇ; ಆದರೂ ಸಾಮಾನ್ಯ ಸ್ಥಾನಗಳೂ ಸ್ತ್ರೀಯರಿಗೆ ಬಿಟ್ಟ ಸಾಮಾನ್ಯ ಸ್ಥಾನಗಳೂ ನಮಗೆ ಮುಚ್ಚಿಲ್ಲ.

ಇಲ್ಲಿಯೇ ಮತ್ತೊಂದು ಸಂಗತಿಯನ್ನು ಗಮನಿಸಿರಿ. ತಾಲ್ಲೂಕು ಪಂಚಾಯತಿಗೂ ಜಿಲ್ಲಾ ಪಂಚಾಯತಿಗೂ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅಧಿಕಾರಿಗಳೇ ಆಡಳಿತ ನಡಿಸಿದರು. ಬೆಂಗಳೂರಿನ ಮಹಾನಗರ ಪಾಲಿಕೆಯ ಸದಸ್ಯರ ಅವಧಿಯೂ 2020ರ ಸೆಪ್ಟೆಂಬರಿನಲ್ಲಿ ಮುಗಿದು ಅಲ್ಲಿಯೂ ಹಾಗೆಯೇ ಆಯಿತು. ಹಳಬನು ಎದ್ದುಹೋಗುವದು ಅರ್ಧ ಕೆಲಸ ಮಾತ್ರ. ಹೊಸಬನನ್ನು ಜನರು ಹೊತ್ತಿಗೆ ಸರಿಯಾಗಿ ಆರಿಸುವದು ಉಳಿದ ಅರ್ಧ. ಕೋಡಿ ಇದ್ದು ಕಾಲುವೆ ಬತ್ತಿದರೆ ಕುಂಟೆಯಲ್ಲಿ ಕೆಸರು ಉಳಿಯುವದು.

2. ದೇವರ ವಾಕ್ಯವು ಏನನ್ನು ಕಲಿಸುತ್ತದೆ?

ಸತ್ಯವೇದದಲ್ಲಿ ಶಾಸನಸಭೆಯೂ ಇಲ್ಲ, ಮತಪೆಟ್ಟಿಗೆಯೂ ಇಲ್ಲ. ಆದಕಾರಣ ಇಷ್ಟು ಸಾರಿಗಿಂತ ಹೆಚ್ಚಾಗಿ ನಿಲ್ಲಕೂಡದೆಂಬ ಆಜ್ಞೆಯನ್ನು ಅಲ್ಲಿ ಹುಡುಕಬಾರದು. ಆದರೆ ಅಧಿಕಾರವೆಂದರೇನು, ಅದು ಯಾರದು, ಅದನ್ನು ಬಿಡುವ ಕ್ರಮವೇನು ಎಂಬದಕ್ಕೆ ಅಲ್ಲಿ ಬಹಳ ಉಪದೇಶವುಂಟು.

ಮೊದಲು ಲೇವಿಯರ ನೇಮವನ್ನು ನೋಡೋಣ. ದೇವದರ್ಶನದ ಗುಡಾರದ ಕೆಲಸಕ್ಕೆ ಲೇವಿಯನು 25 ವರ್ಷದವನಾದಾಗ ಸೇರಬೇಕು; 50 ವರ್ಷವಾದಾಗ ಆ ಕೆಲಸವನ್ನು ಬಿಡಬೇಕು. ಬಿಟ್ಟ ಮೇಲೆ ಅವನ ಗತಿ ಏನು? ಅವನನ್ನು ಪಾಳೆಯದ ಹೊರಗೆ ಕಳುಹಿಸಲಿಲ್ಲ. ಅವನು ತನ್ನ ಸಹೋದರರ ಬಳಿಯಲ್ಲಿದ್ದು ಅವರಿಗೆ ಸಹಾಯಮಾಡಬಹುದು. ಆದರೆ ಆ ಸೇವೆಯ ಭಾರವನ್ನು ತಾನೇ ಹೊರಕೂಡದು. ಎಷ್ಟು ದಯೆಯುಳ್ಳ ನೇಮವಿದು! ಮುದುಕನಿಗೆ ಅವಮಾನವಿಲ್ಲ, ಯೌವನಸ್ಥನಿಗೆ ಅಡ್ಡಿಯಿಲ್ಲ. ಭಾರವು ಒಬ್ಬನ ಹೆಗಲಿನಿಂದ ಇನ್ನೊಬ್ಬನ ಹೆಗಲಿಗೆ ಹೋಗುತ್ತದೆ. ಅನುಭವವು ಮಾತ್ರ ಅಲ್ಲಿಯೇ ಉಳಿಯುತ್ತದೆ. ಅಧಿಕಾರಕ್ಕೆ ಗಡುವುಂಟು, ಸೇವೆಗೆ ಗಡುವಿಲ್ಲ.

ಎರಡನೆಯದಾಗಿ ಮೋಶೆಯನ್ನು ನೋಡೋಣ. ತನ್ನ ಅಂತ್ಯವು ಸಮೀಪಿಸಿತೆಂದು ತಿಳಿದಾಗ ಅವನು ತನ್ನ ಹೆಸರಿನ ವಿಷಯದಲ್ಲಿ ಚಿಂತಿಸಲಿಲ್ಲ. ಈ ಜನರು ಕುರುಬನಿಲ್ಲದ ಕುರಿಗಳಂತೆ ಆಗಬಾರದೆಂದು ಯೆಹೋವನನ್ನು ಬೇಡಿಕೊಂಡನು. ಅವನಿಗೆ ಗೇರ್ಷೋಮ್ ಎಲೀಯೆಜರ್ ಎಂಬ ಇಬ್ಬರು ಗಂಡುಮಕ್ಕಳಿದ್ದರೂ ಅವನ ಕೈ ಅವರ ತಲೆಯ ಮೇಲೆ ಇಳಿಯಲಿಲ್ಲ. ಬಹುಕಾಲ ತನ್ನ ಬಳಿಯಲ್ಲಿದ್ದು ಕೆಲಸ ಕಲಿತ ನೂನನ ಮಗನಾದ ಯೆಹೋಶುವನ ಮೇಲೆ ಇಳಿಯಿತು. ಅದೂ ಗುಟ್ಟಾಗಿ ಅಲ್ಲ. ಯಾಜಕನ ಮುಂದೆಯೂ ಸರ್ವಸಮೂಹದ ಮುಂದೆಯೂ ಆಯಿತು.

ಮೂರನೆಯದಾಗಿ ಸಮುವೇಲನು. ಇವನು ಒಳ್ಳೆಯವನೇ. ಆದರೆ ಮುದುಕನಾದಾಗ ತನ್ನ ಮಕ್ಕಳನ್ನೇ ನ್ಯಾಯಸ್ಥಾಪಕರನ್ನಾಗಿ ಇಟ್ಟನು. ಅವರು ಲಂಚ ತಿಂದು ನ್ಯಾಯವನ್ನು ಕೆಡಿಸಿದರು. ಒಳ್ಳೆಯ ತಂದೆಯ ಅಧಿಕಾರವು ಮನೆಯ ಆಸ್ತಿಯಂತೆ ಮಕ್ಕಳಿಗೆ ಇಳಿದದ್ದರಿಂದ ಜನರು ಬೇಸತ್ತು ಅರಸನನ್ನು ಬೇಡಿದರು. ಆದರೂ ಅದೇ ಸಮುವೇಲನು ಬಿಟ್ಟುಹೋಗುವ ದಿನ ನಿಂತ ರೀತಿಯನ್ನು ನೋಡಿರಿ. ಜನರೆಲ್ಲರನ್ನು ಕೂಡಿಸಿ, ನಾನು ಯಾರ ಎತ್ತನ್ನಾದರೂ ಕತ್ತೆಯನ್ನಾದರೂ ತೆಗೆದುಕೊಂಡೆನೋ, ಯಾರಿಂದಲಾದರೂ ಲಂಚ ಪಡೆದೆನೋ ಎಂದು ಬಹಿರಂಗವಾಗಿ ಕೇಳಿದನು. ಇಲ್ಲವೆಂದು ಜನರೇ ಸಾಕ್ಷಿ ಹೇಳಿದರು. ಆ ಮೇಲೆ ತಾನು ಅವರಿಗೋಸ್ಕರ ಪ್ರಾರ್ಥಿಸುವದನ್ನೂ ಒಳ್ಳೆಯ ಮಾರ್ಗವನ್ನು ಕಲಿಸುವದನ್ನೂ ಬಿಡುವದಿಲ್ಲವೆಂದು ಮಾತುಕೊಟ್ಟನು. ಲೇವಿಯರಲ್ಲಿ ಕಂಡದ್ದೇ ಇಲ್ಲಿಯೂ ಕಾಣುತ್ತದೆ.

ಆದರೆ ವಾಕ್ಯದ ಒಂದು ಪಕ್ಕವನ್ನು ಮಾತ್ರ ತೋರಿಸುವದು ನ್ಯಾಯವಲ್ಲ. ಮೋಶೆಯು 120 ವರ್ಷದವನಾಗುವ ವರೆಗೆ ಜನರನ್ನು ನಡಿಸಿದನು. ಕಾಲೇಬನು 85 ವರ್ಷದವನಾಗಿ ಬೆಟ್ಟದ ಸೀಮೆಯನ್ನು ಕೇಳಿಕೊಂಡನು. ಆದಕಾರಣ ಬಹುಕಾಲ ಇದ್ದವನೆಲ್ಲಾ ಕೆಟ್ಟವನೆಂದೂ ಹೊಸಬನೆಲ್ಲಾ ಒಳ್ಳೆಯವನೆಂದೂ ಹೇಳಲಾಗದು. ಲೇವಿಯರ 50 ವರ್ಷದ ಲೆಕ್ಕವನ್ನು ವಿಧಾನಸಭೆಯ ಮೇಲೆ ಹೊರಿಸುವದೂ ಸರಿಯಲ್ಲ. ನಮಗೆ ಬೇಕಾದದ್ದು ಸಂಖ್ಯೆಯಲ್ಲ, ಅದರೊಳಗಿನ ತತ್ವ. ಅದೇನಂದರೆ: ಅಧಿಕಾರವು ಗೇಣಿಗೆ ಬಂದ ಹೊಲದಂತೆ. ಒಡೆಯನು ಬೇರೆ, ಉಳುವವನು ಲೆಕ್ಕ ಒಪ್ಪಿಸಬೇಕು, ಕಾಲ ಬಂದಾಗ ಬಿಟ್ಟುಕೊಡಬೇಕು. ತಮ್ಮಲ್ಲಿ ದೊಡ್ಡವನು ಯಾರೆಂದು ಶಿಷ್ಯರು ವಾದಿಸಿದಾಗ ನಮ್ಮ ಕರ್ತನು, ಅನ್ಯಜನಗಳ ಅರಸರು ದೊರೆತನ ಮಾಡಿ ಉಪಕಾರಿಗಳೆಂಬ ಬಿರುದು ಪಡೆಯುತ್ತಾರೆ, ನೀವು ಹಾಗಿರಬೇಡಿರಿ ಎಂದು ಎಚ್ಚರಿಸಿದನು. ಸರಕಾರದ ಹಣದಿಂದ ಹಾಕಿಸಿದ ಕೊಳಾಯಿಗೆ ಒಬ್ಬ ಮನುಷ್ಯನನ್ನು ಧಣಿಯೆಂದು ಹೊಗಳಿ ಕೈಮುಗಿಯುವ ನಮ್ಮ ಹಳ್ಳಿಗಳಿಗೆ ಈ ಮಾತು ಎಷ್ಟು ಹತ್ತಿರದ್ದು!

3. ಗಡುವು ಹಾಕಿದ ಸೀಮೆಗಳಲ್ಲಿ ಕಂಡದ್ದು

ಗಡುವೆಂಬದು ಪರದೇಶದಿಂದ ಬಂದ ಹೊಸ ಯೋಚನೆಯೆಂದು ಎಣಿಸಬೇಡಿರಿ. ತಮಿಳುನಾಡಿನ ಕಾಂಚೀಪುರ ಜಿಲ್ಲೆಯ ಉತ್ತರಮೇರೂರಿನಲ್ಲಿ ಚೋಳರ ಅರಸನಾದ ಪರಾಂತಕನ ಕಾಲದ, ಅಂದರೆ ಕ್ರಿ. ಶ. 920ರ ಸುಮಾರಿನ ಶಿಲಾಶಾಸನಗಳಿವೆ. ಅಲ್ಲಿನ ಗ್ರಾಮಸಭೆಯ ಮಂಡಳಿಗಳಿಗೆ ಓಲೆಗಳಲ್ಲಿ ಹೆಸರು ಬರೆದು ಮಡಕೆಗೆ ಹಾಕಿ, ಒಬ್ಬ ಹುಡುಗನಿಂದ ತೆಗೆಸಿ ಸದಸ್ಯರನ್ನು ಗೊತ್ತುಮಾಡುತ್ತಿದ್ದರು. ಅವಧಿ ಒಂದು ವರ್ಷ. ಹಿಂದಿನ 3 ವರ್ಷಗಳಲ್ಲಿ ಮಂಡಳಿಯಲ್ಲಿದ್ದವನ ಹೆಸರನ್ನು ಮಡಕೆಗೆ ಹಾಕಕೂಡದು. ಲೆಕ್ಕ ಒಪ್ಪಿಸದೆ ಹೋದವನಿಗೂ ಅವನ ಹತ್ತಿರದ ಬಂಧುಗಳಿಗೂ ಸ್ಥಾನವಿಲ್ಲ. ಆ ಸಭೆಯು ಬ್ರಾಹ್ಮಣರ ಅಗ್ರಹಾರದ್ದಾದದರಿಂದ ನಮ್ಮಂಥವರ ಪೂರ್ವಿಕರಿಗೆ ಅಲ್ಲಿ ಓಲೆ ಇರಲಿಲ್ಲವೆಂಬದು ನಿಜ. ಆದರೂ ಅಧಿಕಾರವು ಒಂದೇ ಮನೆಯಲ್ಲಿ ಬೇರೂರಕೂಡದೆಂಬ ತಿಳುವಳಿಕೆಯು ಈ ದಕ್ಷಿಣಸೀಮೆಗೆ ಸಾವಿರ ವರ್ಷಗಳಿಂದಲೂ ಇತ್ತು.

ಅಮೇರಿಕದಲ್ಲಿ ರೂಸ್‌ವೆಲ್ಟರು 4 ಸಾರಿ ರಾಷ್ಟ್ರಾಧ್ಯಕ್ಷರಾಗಿ ಆರಿಸಲ್ಪಟ್ಟ ತರುವಾಯ, 1951ರಲ್ಲಿ ಆ ಸ್ಥಾನಕ್ಕೆ ಯಾರೂ ಎರಡಕ್ಕಿಂತ ಹೆಚ್ಚು ಸಾರಿ ಆರಿಸಲ್ಪಡಕೂಡದೆಂಬ ತಿದ್ದುಪಡಿಯು ಜಾರಿಗೆ ಬಂತು. ಆದರೆ ಅವರ ಕೇಂದ್ರ ಶಾಸನಸಭೆಗೆ ಅಂಥ ಗಡುವಿಲ್ಲ. ಕೆಲವು ರಾಜ್ಯಗಳು ಹಾಕಿದ ಗಡುವನ್ನು 1995ರಲ್ಲಿ ಅಲ್ಲಿನ ಶ್ರೇಷ್ಠ ನ್ಯಾಯಾಲಯವು ತಳ್ಳಿಹಾಕಿತು. ರಾಜ್ಯಗಳ ತಮ್ಮ ಸ್ವಂತ ಶಾಸನಸಭೆಗಳಲ್ಲಾದರೋ 16 ರಾಜ್ಯಗಳಲ್ಲಿ ಗಡುವು ಉಂಟು. ಮಿಷಿಗನ್ ರಾಜ್ಯದಲ್ಲಿ 1992ರಲ್ಲಿ ಕೆಳಮನೆಗೆ 6 ವರ್ಷ, ಮೇಲ್ಮನೆಗೆ 8 ವರ್ಷವೆಂದು ಹಾಕಿದ್ದರು. 2022ರಲ್ಲಿ ಜನರೇ ಅದನ್ನು ಬದಲಾಯಿಸಿ ಎರಡೂ ಮನೆಗಳಿಗೆ ಕೂಡಿ ಒಟ್ಟು 12 ವರ್ಷವೆಂದು ಗೊತ್ತುಮಾಡಿದರು. ಫಿಲಿಪ್ಪೀನ್ ದ್ವೀಪಗಳಲ್ಲಿ 1987ರ ಸಂವಿಧಾನವು ಕೆಳಮನೆಯ ಸದಸ್ಯನಿಗೆ ಎಡೆಬಿಡದೆ 3 ಅವಧಿಗಳು ಮಾತ್ರವೆಂದು ವಿಧಿಸಿತು.

ಇವುಗಳಿಂದ ಕಲಿತದ್ದೇನು? ಗಡುವಿನಿಂದ ಬಾಗಲು ತೆರೆಯುತ್ತದೆ. ಹೊಸಬರಿಗೆ ಸ್ಥಳ ಸಿಕ್ಕುತ್ತದೆ. ಈ ಕುರ್ಚಿ ನನ್ನದೆಂಬ ಭ್ರಮೆ ಕಡಮೆಯಾಗುತ್ತದೆ. ಇದು ಲಾಭ. ನಷ್ಟವೂ ಉಂಟು. ಮೊದಲನೆಯದು, ಕೆಲಸ ಕಲಿಯುವಷ್ಟರಲ್ಲಿ ಹೊರಡಬೇಕಾದರೆ ಅಧಿಕಾರವು ಗುಮಾಸ್ತರ ಕೈಗೂ ಹಣವಂತರ ಕೈಗೂ ಜಾರುತ್ತದೆ. ಬೆಂಗಳೂರಿನ ಮಹಾಪೌರರಿಗೆ ಬಹುಕಾಲ ಒಂದೇ ವರ್ಷದ ಅವಧಿಯಿತ್ತು. ಚರಂಡಿ ಕೆಲಸದ ಕಾಗದಗಳನ್ನು ಓದಿ ತಿಳಿಯುವದಕ್ಕೂ ಆ ವರ್ಷವು ಸಾಲದೆಂಬ ದೂರು ಕೇಳಿಬರುತ್ತಿತ್ತು. ಎರಡನೆಯದು, ಮತ್ತೆ ಮತ ಕೇಳಬೇಕಾಗಿಲ್ಲವೆಂದು ತಿಳಿದವನಿಗೆ ಜನರ ಭಯವು ತಪ್ಪುತ್ತದೆ. ಮೂರನೆಯದು, ಗಂಡನು ಇಳಿದ ಕುರ್ಚಿಗೆ ಹೆಂಡತಿಯೂ ತಂದೆಯು ಇಳಿದದ್ದಕ್ಕೆ ಮಗನೂ ಬಂದರೆ ಹೆಸರು ಬದಲಾಯಿತೇ ಹೊರತು ಮನೆ ಬದಲಾಗಲಿಲ್ಲ. ಫಿಲಿಪ್ಪೀನಿನಲ್ಲಿ ಹೀಗೆಯೇ ಆಗಿದೆ. ನಮ್ಮ ಪಂಚಾಯತಿಗಳಲ್ಲಿಯೂ ಅಧ್ಯಕ್ಷಳ ಕುರ್ಚಿಯ ಪಕ್ಕದಲ್ಲಿ ಗಂಡನು ಕೂತು ಮಾತಾಡುವದನ್ನು ಯಾರು ಕಂಡಿಲ್ಲ? ಗಿದ್ಯೋನನು, ನಾನೂ ಆಳುವದಿಲ್ಲ, ನನ್ನ ಮಗನೂ ಆಳುವದಿಲ್ಲ ಎಂದು ಇಸ್ರಾಯೇಲ್ಯರಿಗೆ ಹೇಳಿದನು. ಆದರೂ ಅವನ ಮಗನಾದ ಅಬೀಮೆಲೆಕನು ತನ್ನ ಸಹೋದರರನ್ನು ಕೊಂದು ಅರಸನಾದನು. ಮನಸ್ಸು ಬದಲಾಗದಿದ್ದರೆ ಯಾವ ಬೇಲಿಯೂ ಸಾಲದು.

4. ನಮ್ಮ ಅಭಿಪ್ರಾಯ

ಹೀಗಿರಲಾಗಿ ಕ್ರೈಸ್ತನು ಏನನ್ನು ಬಯಸತಕ್ಕದ್ದು? ನಮ್ಮ ಅಭಿಪ್ರಾಯವನ್ನು ಬಿಚ್ಚಿ ಹೇಳುತ್ತೇವೆ. ಇದು ವೇದದ ಆಜ್ಞೆಯಲ್ಲ, ವೇದವನ್ನು ಓದಿ ನಾವು ಮಾಡಿದ ಆಲೋಚನೆ.

ಎಲ್ಲಿ ಒಬ್ಬನ ಕೈಯಲ್ಲಿಯೇ ಬೀಗದಕೈ ಇರುವದೋ ಅಲ್ಲಿ ಗಡುವು ಬೇಕು. ಅಧ್ಯಕ್ಷನು, ಖಜಾಂಚಿ, ಸಾಲ ಕೊಡುವ ಮಂಡಳಿಯವನು, ಇಂಥವರು ಕಾಲಕಾಲಕ್ಕೆ ಬದಲಾಗುವದು ಒಳ್ಳೆಯದು. ನಮ್ಮ ದೇಶದ ಕಾಯಿದೆಯೇ ಇದನ್ನು ಒಂದು ಕಡೆ ಒಪ್ಪಿಕೊಂಡಿದೆ. 2020ರ ತಿದ್ದುಪಡಿಯಿಂದ ಸಹಕಾರಿ ಬ್ಯಾಂಕುಗಳ ನಿರ್ದೇಶಕರು ಎಡೆಬಿಡದೆ 8 ವರ್ಷಕ್ಕಿಂತ ಹೆಚ್ಚಾಗಿ ಇರಕೂಡದೆಂದು ಆಯಿತು. 2025ರಲ್ಲಿ ಅದನ್ನು 10 ವರ್ಷಕ್ಕೆ ಏರಿಸಿದರು. ಅಧ್ಯಕ್ಷನಿಗೂ ಪೂರ್ಣಕಾಲದ ನಿರ್ದೇಶಕನಿಗೂ ಈ ನಿಯಮವು ತಗಲುವದಿಲ್ಲವೆಂಬದು ಮಾತ್ರ ನಮಗೆ ಕೊರತೆಯಾಗಿ ಕಾಣುತ್ತದೆ. ಬ್ಯಾಂಕಿನ ಹಣಕ್ಕೆ ಬೇಕಾದ ಎಚ್ಚರಿಕೆಯು ಊರಿನ ಹಣಕ್ಕೆ ಬೇಡವೋ?

ಶಾಸನಸಭೆಯ ಸದಸ್ಯನಾದರೋ 224 ಮಂದಿಯಲ್ಲಿ ಒಬ್ಬನು. 5 ವರ್ಷಕ್ಕೊಮ್ಮೆ ಜನರ ಮುಂದೆ ನಿಲ್ಲತಕ್ಕವನು. ಅವನಿಗೆ ಕಾಯಿದೆಯ ಗಡುವು ಬೇಕೆನ್ನುವವರ ಮಾತಿನಲ್ಲಿ ಹುರುಳಿದೆ. ಬೇಡವೆನ್ನುವವರ ಮಾತಿನಲ್ಲಿಯೂ ಹುರುಳಿದೆ. ಈ ವಿಷಯದಲ್ಲಿ ವಿಶ್ವಾಸಿಗಳು ಭಿನ್ನಾಭಿಪ್ರಾಯದವರಾಗಿದ್ದು ಒಂದೇ ಪಾತ್ರೆಯಲ್ಲಿ ಪಾಲುಗೊಳ್ಳಬಹುದು. ಆದರೆ ಒಂದು ಮಾತನ್ನು ಮರೆಯಬಾರದು. ಕಾಯಿದೆಯು ಗಡುವನ್ನು ಹಾಕದಿರುವಾಗ ಅದನ್ನು ಹಾಕುವ ಅಧಿಕಾರವು ಮತದಾರನ ಬೆರಳಿನಲ್ಲಿದೆ. ಅವನಿಗೆ ಸಾಕೆನ್ನುವದಕ್ಕೂ ಇನ್ನೊಮ್ಮೆ ಹೋಗು ಎನ್ನುವದಕ್ಕೂ 5 ವರ್ಷಕ್ಕೊಮ್ಮೆ ನಮಗೆ ಹಕ್ಕು ಬರುತ್ತದೆ. ಆ ಹಕ್ಕನ್ನು ಒಂದು ಸೀರೆಗೂ ಒಂದು ನೋಟಿಗೂ ಒಂದು ರಾತ್ರಿಯ ಊಟಕ್ಕೂ ಮಾರುವವನು ಒಂದು ಹೊತ್ತಿನ ಊಟಕ್ಕೆ ಜ್ಯೇಷ್ಠಪುತ್ರನ ಹಕ್ಕನ್ನು ಮಾರಿದ ಏಸಾವನಿಗೆ ಸಮಾನನು. ಮಾರಿದ ಮೇಲೆ, ಇವನು ಎಷ್ಟು ಕಾಲವಾದರೂ ಏಳುವದಿಲ್ಲವೆಂದು ಗೊಣಗಿದರೆ ಫಲವೇನು? ಕುರ್ಚಿಗೆ ಅವನನ್ನು ಕಟ್ಟಿದ ಹಗ್ಗವನ್ನು ನಾವೇ ಹೊಸೆದೆವು.

ಆದಕಾರಣ ಯಾರಾದರೂ ಎರಡನೆಯ ಸಾರಿಯೋ ಐದನೆಯ ಸಾರಿಯೋ ಮತ ಕೇಳಲು ಬಂದಾಗ ಅವರ ಜಾತಿಯನ್ನೂ ಪಕ್ಷವನ್ನೂ ನೋಡುವದಕ್ಕೆ ಮುಂಚೆ ಮೂರು ಸಂಗತಿಗಳನ್ನು ವಿಚಾರಿಸಿರಿ. ಒಂದು, ಸಮುವೇಲನಂತೆ ಬಹಿರಂಗವಾಗಿ ಲೆಕ್ಕ ಕೊಟ್ಟರೋ? ಗ್ರಾಮಸಭೆಯನ್ನು 6 ತಿಂಗಳಿಗೊಮ್ಮೆಯಾದರೂ ಕೂಡಿಸಬೇಕೆಂದು ನಮ್ಮ ರಾಜ್ಯದ ಕಾಯಿದೆಯಲ್ಲಿದೆ. ಪಂಚಾಯತಿಯ ಲೆಕ್ಕಗಳನ್ನೂ ಕಾಮಗಾರಿಗಳನ್ನೂ ಜನರ ಮುಂದೆ ಪರೀಕ್ಷಿಸುವ ಜಮಾಬಂದಿಯು ವರ್ಷಕ್ಕೊಮ್ಮೆ ನಡೆಯಬೇಕು. ಅಲ್ಲಿಗೆ ಹೋಗದವನು ಲೆಕ್ಕ ಕೇಳುವದು ಹೇಗೆ? ಎರಡು, ಮೋಶೆಯಂತೆ ತಮ್ಮ ಮನೆಯವನಲ್ಲದ ಒಬ್ಬನಿಗಾದರೂ ಕೆಲಸ ಕಲಿಸಿದರೋ? ಮೂರು, ಲೇವಿಯನಂತೆ ಅಧಿಕಾರವಿಲ್ಲದೆಯೂ ಜನರ ನಡುವೆ ಸೇವೆಮಾಡುವ ಮನಸ್ಸುಳ್ಳವರೋ? ಸೋತ ಮಾರನೆಯ ದಿನದಿಂದ ಊರಿಗೆ ಮುಖ ತೋರಿಸದವನು ಗೆದ್ದಾಗಲೂ ನಮ್ಮವನಾಗಿರಲಿಲ್ಲ.

5. ದೇವರ ಮನೆಯಿಂದ ಆರಂಭವಾಗಲಿ

ನ್ಯಾಯವಿಚಾರಣೆಯು ದೇವರ ಮನೆಯಲ್ಲಿಯೇ ಮೊದಲಾಗಬೇಕೆಂದು ಪೇತ್ರನು ಬರೆದಿದ್ದಾನೆ. ವಿಧಾನಸೌಧದ ಕುರ್ಚಿಗಳನ್ನು ಎಣಿಸುವ ನಾವು ನಮ್ಮ ದೇವಾಲಯದ ಮುಂದಿನ ಸಾಲಿನ ಬೆಂಚನ್ನೂ ಎಣಿಸೋಣ. ಸಭೆಯ ಕಮಿಟಿಯಲ್ಲಿ ಅದೇ ಹೆಸರುಗಳು ಎಷ್ಟು ವರ್ಷಗಳಿಂದ ಓದಲ್ಪಡುತ್ತಾ ಬಂದಿವೆ? ಕಾಣಿಕೆಯ ಪೆಟ್ಟಿಗೆಯ ಬೀಗದಕೈ ಒಂದೇ ಮನೆಯ ಗೂಟದಲ್ಲಿ ಎಷ್ಟು ಕಾಲದಿಂದ ತೂಗುತ್ತಿದೆ? ಓದು ಕಲಿತು ಬಂದ ಯೌವನಸ್ಥರು ಹಿಂದಿನ ಸಾಲಿನಲ್ಲಿಯೇ ಕೂತು ಕೂತು ಕೊನೆಗೆ ಬಾಗಲಿನಿಂದ ಹೊರಗೆ ಹೋದದ್ದು ಯಾಕೆ?

ನಮ್ಮ ಹಿರಿಯರಿಗೆ ಈ ತಿಳುವಳಿಕೆಯಿತ್ತು. ಜಾನ್ ವೆಸ್ಲಿಯವರು 1784ರಲ್ಲಿ ಬರೆಯಿಸಿದ ಪತ್ರದಲ್ಲಿ, ಕಾನ್ಫರೆನ್ಸಿನವರು ಒಬ್ಬ ಬೋಧಕನನ್ನು ಒಂದು ದೇವಾಲಯಕ್ಕೆ ಎಡೆಬಿಡದೆ 3 ವರ್ಷಕ್ಕಿಂತ ಹೆಚ್ಚಾಗಿ ನೇಮಿಸಕೂಡದೆಂಬ ನಿಬಂಧನೆ ಇತ್ತು. ಇಂಗ್ಲೆಂಡಿನ ಸಭೆಯಲ್ಲಿ ದೀಕ್ಷೆ ಹೊಂದಿದವರಿಗೆ ಮಾತ್ರ ಅದು ತಗಲುತ್ತಿರಲಿಲ್ಲ. ಆ ವೆಸ್ಲಿಯನ್ ಮಿಷನ್ನಿನವರೇ 1821ರಿಂದ ಬೆಂಗಳೂರಿನಲ್ಲಿಯೂ ಮೈಸೂರು ಸೀಮೆಯಲ್ಲಿಯೂ ಕೆಲಸಮಾಡಿದರು. ಉಪದೇಶಿಗಳೂ ಪಾಲಕರೂ ಊರಿಂದೂರಿಗೆ ವರ್ಗವಾಗುವದನ್ನು ನಮ್ಮ ತಾತಂದಿರು ಕಣ್ಣೀರಿನಿಂದ ಕಂಡರೂ ಅದರ ಹಿತವನ್ನು ತಿಳಿದಿದ್ದರು. ಸಭೆಯು ಪಾಲಕನದಲ್ಲ, ಕರ್ತನದು ಎಂಬದನ್ನು ಪ್ರತಿಯೊಂದು ವರ್ಗಾವಣೆಯೂ ನೆನಪಿಗೆ ತರುತ್ತಿತ್ತು. ಪಾಲಕನಿಗೆ ತಕ್ಕ ನೇಮವು ಕಮಿಟಿಯ ಹಿರಿಯನಿಗೆ ಯಾಕೆ ತಕ್ಕದ್ದಲ್ಲ?

ಪ್ರತಿ ಸಭೆಯವರೂ ಮಾಡಬಹುದಾದ ಕೆಲವು ಕಾರ್ಯಗಳನ್ನು ಸೂಚಿಸುತ್ತೇವೆ. ಎಡೆಬಿಡದೆ ಎರಡು ಅವಧಿಗಳವರೆಗೆ ಕಮಿಟಿಯಲ್ಲಿದ್ದವರು ಒಂದು ಅವಧಿ ಬಿಡುವು ತೆಗೆದುಕೊಳ್ಳಲಿ. ಕಾಣಿಕೆಯನ್ನು ಇಬ್ಬರು ಕೂಡಿ ಎಣಿಸಲಿ; ಆ ಇಬ್ಬರು ಒಂದೇ ಮನೆಯವರಾಗಿರಬಾರದು. 3 ತಿಂಗಳಿಗೊಮ್ಮೆ ಲೆಕ್ಕವನ್ನು ಆರಾಧನೆಯ ತರುವಾಯ ಗಟ್ಟಿಯಾಗಿ ಓದಲಿ; ಓದು ಬಾರದವರಿಗೂ ಅದು ತಿಳಿಯಲಿ. ಹೊರಡುವ ಖಜಾಂಚಿಯು ಹೊಸಬನ ಪಕ್ಕದಲ್ಲಿ 6 ತಿಂಗಳು ಕೂತು ಪುಸ್ತಕ ಬರೆಯುವದನ್ನು ಕಲಿಸಲಿ. ಬಿಟ್ಟುಕೊಟ್ಟ ಹಿರಿಯರನ್ನು ಸಭೆಯು ಮರೆಯದೆ ರೋಗಿಗಳ ಭೇಟಿಗೂ ಮನೆಪ್ರಾರ್ಥನೆಗೂ ಭಾನುವಾರದ ಪಾಠಶಾಲೆಗೂ ಕರೆದು ಗೌರವಿಸಲಿ. ಗೌರವವು ಕುರ್ಚಿಯಲ್ಲಿ ಮಾತ್ರವೇ ಇರುವದೆಂದು ಸಭೆಯೇ ಕಲಿಸಿದರೆ ಯಾರು ತಾನೇ ಎದ್ದಾರು?

ಹೀಗೆ ಅಭ್ಯಾಸವಾದ ಸಭೆಯಿಂದ ಪಂಚಾಯತಿಗೆ ಹೋಗುವ ಗಂಡಸಾಗಲಿ ಹೆಂಗಸಾಗಲಿ ಅಧಿಕಾರವನ್ನು ಹಿಡಿಯುವದನ್ನೂ ಬಿಡುವದನ್ನೂ ಎರಡನ್ನೂ ಬಲ್ಲವರಾಗಿರುವರು. ನಮ್ಮ ಹಳ್ಳಿಗಳಿಗೆ ಕ್ರೈಸ್ತರು ಕೊಡಬಹುದಾದ ಸಾಕ್ಷಿಗಳಲ್ಲಿ ಇದು ಚಿಕ್ಕದಲ್ಲ. ಬರುವವನು ಹೆಚ್ಚಬೇಕು, ತಾನು ತಗ್ಗಬೇಕು ಎಂದು ಸಂತೋಷದಿಂದ ಒಪ್ಪಿಕೊಂಡ ಸ್ನಾನಿಕನಾದ ಯೋಹಾನನ ಮನಸ್ಸನ್ನು ಕರ್ತನು ನಮ್ಮ ಶಾಸಕರಿಗೂ ಪಂಚಾಯತಿಯವರಿಗೂ ಸಭೆಯ ಹಿರಿಯರಿಗೂ ಅನುಗ್ರಹಿಸಲಿ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಲೇವಿಯನು 50 ವರ್ಷವಾದ ಮೇಲೆ ಏನನ್ನು ಬಿಡಬೇಕಾಗಿತ್ತು, ಏನನ್ನು ಮಾಡಬಹುದಾಗಿತ್ತು?

2. ಮೋಶೆಯು ತನ್ನ ತರುವಾಯ ಬರುವವನನ್ನು ನೇಮಿಸಿದ ರೀತಿಗೂ ಸಮುವೇಲನು ತನ್ನ ಮಕ್ಕಳನ್ನು ಇಟ್ಟ ರೀತಿಗೂ ಇರುವ ಭೇದವೇನು?

3. ಗಡುವಿನಿಂದ ಆಗುವ ಒಂದು ಲಾಭವನ್ನೂ ಒಂದು ನಷ್ಟವನ್ನೂ ನಿಮ್ಮ ಊರಿನ ಪಂಚಾಯತಿಯಿಂದಲೇ ತೋರಿಸಿರಿ.

4. ಕಳೆದ ವರ್ಷದ ಗ್ರಾಮಸಭೆಗೂ ಜಮಾಬಂದಿಗೂ ನಮ್ಮ ಸಭೆಯಿಂದ ಎಷ್ಟು ಮಂದಿ ಹೋಗಿದ್ದರು? ಮುಂದಿನ ಸಾರಿ ಯಾರು ಹೋಗುವರು?

5. ನಮ್ಮ ಸಭೆಯ ಕಮಿಟಿಯಲ್ಲಿ ಯಾವ ಕೆಲಸವನ್ನು ಈ ವರ್ಷ ಒಬ್ಬ ಯೌವನಸ್ಥನಿಗೆ ಅಥವಾ ಒಬ್ಬ ಸಹೋದರಿಗೆ ಕಲಿಸಿ ಒಪ್ಪಿಸಬಹುದು?